ಕೇಕಿಗೆ ತಂದ ಮರಳು

ದಾವಣಗೆರೆಯಲ್ಲಿ ನನಗೆ ಸಿಕ್ಕ ಮೊದಲ ಮರ್ಯಾದೆ ಅಂದರೆ, ಕೆಲಸ ಕೇಳಿ ಹೋದ ಬಟ್ಟೆ ಗಿರಣಿಯ ಡಾಕ್ಟರು ನನ್ನ ಬಾಯಿ ತೆಗೆಸಿ ಹಲ್ಲು ನೋಡಿದ್ದು. ನಮ್ಮ ಕೊಳ್ಳೇಗಾಲದ ಕಡೆ ದನದ ಸಂತೆಯಲ್ಲಿ ಎತ್ತು ಕೊಳ್ಳುವವರು ಮಾತ್ರ ಹಾಗೆ ಮಾಡುತ್ತಾರೆ. ಅದಕ್ಕೂ ಮೊದಲು ಗುಮಾಸ್ತರು ನಾನು ಹುಟ್ಟಿದ ತಾರೀಖು ಕೇಳಿದ್ದರು. ಪ್ಲೇಗು ಬಂದು ಊರವರೆಲ್ಲ ಹೊರಗೆ ಗುಡಿಸಲು ಹಾಕಿಕೊಂಡಿದ್ದ ವರ್ಷ ಅಂದೆ. ಅವರು ನಕ್ಕು ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರು ಕೊನೆಯ ದವಡೆ ಹಲ್ಲು ಮುಟ್ಟಿ ನೋಡಿ ‘ಇಪ್ಪತ್ತೆರಡು’ ಅಂದರು. ಗುಮಾಸ್ತರು ಅದರ ಮುಂದೆ ಜುಲೈ ಒಂದು ಅಂತ ತಾವೇ ಸೇರಿಸಿದರು. ಹೀಗೆ ನಾನು ದಾವಣಗೆರೆಯಲ್ಲಿ ಇನ್ನೊಂದು ಸಲ ಹುಟ್ಟಿದೆ.

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಗುಂಡಿಮಗ್ಗಕ್ಕೆ ಇಳಿದವನು ನಾನು. ಅಲ್ಲಿ ನಮ್ಮ ಮನೆಯಲ್ಲಿ ಒಂದೇ ಮಗ್ಗ, ಅಕ್ಕ ನೂಲು ಸುತ್ತುತ್ತಿದ್ದಳು, ಮಾತಾಡುತ್ತಲೇ ಸೀರೆ ನೇಯುತ್ತಿದ್ದೆ. ಇಲ್ಲಿ ಒಂದೇ ಸೂರಿನ ಕೆಳಗೆ ನೂರಾರು ಮಗ್ಗ. ಪಕ್ಕದವನು ಕೂಗಿದರೂ ಕೇಳದು, ತುಟಿ ನೋಡಿ ಮಾತು ತಿಳಿಯಬೇಕು. ಅಲ್ಲಿ ಪುರಿ ಅಂದರೆ ಸಂತೆಯಿಂದ ಮಕ್ಕಳಿಗೆ ತರುವ ತಿಂಡಿ. ಇಲ್ಲಿ ಅದಕ್ಕೆ ಮಂಡಕ್ಕಿ ಅನ್ನುತ್ತಾರೆ, ಕರಿದ ಮಿರ್ಚಿ ಕಚ್ಚಿಕೊಂಡು ಮೀಸೆ ಬಂದ ಗಂಡಸರು ಊಟದ ಹಾಗೆ ತಿನ್ನುತ್ತಾರೆ. ಆದರೆ ಒಂದು ಮಾತು ಹೇಳಲೇಬೇಕು. ಇಲ್ಲಿ ಯಾರ ಮನೆಗೆ ಹೋದರೂ ‘ಬರ್ರಿ, ಕೂಡ್ರಿ’. ಊರಿನಲ್ಲಿ ಸಾಹುಕಾರರ ಜಗಲಿಯ ಕೆಳಗೆ ನಿಂತೇ ಸೀರೆ ಬಿಚ್ಚಿ ತೋರಿಸುತ್ತಿದ್ದ ನನಗೆ ಆ ‘ರಿ’ ಬಹಳ ಹಿಡಿಸಿತು. ಎರಡೇ ವರ್ಷದಲ್ಲಿ ನಾಲ್ಕು ಮಗ್ಗ ನೋಡಿಕೊಳ್ಳುವಂತಾದೆ. ಎಳೆ ತಪ್ಪಿದೆ ಅಂತ ನನ್ನ ಬಟ್ಟೆಯನ್ನು ಇವತ್ತಿನವರೆಗೆ ಯಾರೂ ವಾಪಸು ಕಳಿಸಿಲ್ಲ.

ಜಂಬ ಇಷ್ಟು ಸಾಕು. ತಪ್ಪಿದ ಎಳೆ ಬೇರೆ ಕಡೆ ಇದೆ.

ನಾನು ಊರು ಬಿಟ್ಟಾಗ ಹೆಂಡತಿ ಗೌರಿ ಬಸುರಿ. ಮಗಳು ಚೆಲುವಿ ಹುಟ್ಟಿದ ಸುದ್ದಿ ನನಗೆ ಕಾರ್ಡಿನಲ್ಲಿ ಬಂತು. ಎರಡು ವರ್ಷದ ಮೇಲೆ ಗೌರಿಯನ್ನು ಕರೆಸಿಕೊಂಡೆ. ಇದ್ದದ್ದು ವಠಾರದಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ‘ನೀವು ಮನೆ ಅಂತ ಮಾಡೋಗಂಟ ಕೂಸು ನನ್ನ ತಾವೇ ಇರ್ಲಿ’ ಅಂದಳು ಮಕ್ಕಳಿಲ್ಲದ ನನ್ನ ಅಕ್ಕ. ಒಂದು ವರ್ಷ ಅಂದೆ. ಅದು ಆರಾಯಿತು. ಈ ನಡುವೆ ಇಲ್ಲಿಯ ಆಸ್ಪತ್ರೆಯಲ್ಲಿ ರವಿ ಹುಟ್ಟಿದ. ಮೇ ಒಂಬತ್ತು, ಬೆಳಿಗ್ಗೆ ಆರೂ ಇಪ್ಪತ್ತು. ಆಸ್ಪತ್ರೆಯವರು ಬರೆದುಕೊಟ್ಟ ಆ ಚೀಟಿಯನ್ನು ಕನ್ನಡಿಯ ಹಿಂದೆ ಸಿಕ್ಕಿಸಿ ಇಟ್ಟಿದ್ದೇನೆ.

ಕಡೆಗೂ ನಿಟ್ಟುವಳ್ಳಿಯಲ್ಲಿ ಎರಡು ಕೋಣೆಯ ಮನೆ ಸಿಕ್ಕಿತು. ಹಿಂದೆ ಹಿತ್ತಿಲು, ಅದರಾಚೆ ಜೋಳದ ಹೊಲ. ಬೇಸಿಗೆ ರಜೆ ಬಂದ ಕೂಡಲೇ ಚೆಲುವಿಯನ್ನು ಕರೆತಂದೆ. ಅಕ್ಕನಿಗೆ ರಜೆಗೆ ಅಂತ ಹೇಳಿದ್ದೆ. ಮನಸ್ಸಿನಲ್ಲಿದ್ದದ್ದು ಇನ್ನು ಕಳಿಸಬಾರದು ಅಂತ. ಇಲ್ಲಿಯ ಶಾಲೆಗೆ ಸೇರಿಸುವ ಅರ್ಜಿಯನ್ನೂ ತಂದು ಟ್ರಂಕಿನಲ್ಲಿ ಇಟ್ಟಿದ್ದೆ. ಎಂಟು ವರ್ಷದ ಚೆಲುವಿ ನನ್ನನ್ನು ‘ನೀವು’ ಅನ್ನುತ್ತಿದ್ದಳು. ರವಿ ‘ನೀನು’ ಅಂತಲೇ ಹೆಗಲೇರುತ್ತಿದ್ದ. ಹೊರಗಿನವರ ‘ರಿ’ಗೆ ಹಿಗ್ಗುತ್ತಿದ್ದ ನನಗೆ ಮಗಳ ಮರ್ಯಾದೆ ಮುಳ್ಳಿನ ಹಾಗೆ ಚುಚ್ಚಿತು.

ಆ ಹೊತ್ತಿಗೆ ರವಿ ಹಟ ಹಿಡಿದಿದ್ದ. ಗಿರಣಿಯ ಮೇಸ್ತ್ರಿಯ ಮನೆಯಲ್ಲಿ ಮಗನ ಹುಟ್ಟುಹಬ್ಬ ನೋಡಿ ಬಂದವನಿಗೆ ತನಗೂ ಕೇಕು ಬೇಕು, ಊದಲು ಮೇಣದ ಬತ್ತಿ ಬೇಕು. ನಮ್ಮಲ್ಲಿ ದೀಪವನ್ನು ಬಾಯಿಂದ ಊದಿದರೆ ಬೆನ್ನಿಗೆ ಗುದ್ದು ಬೀಳುತ್ತದೆ. ಇಲ್ಲಿ ಊದಿದರೆ ಚಪ್ಪಾಳೆ. ಬೇಕರಿಯಿಂದ ತಂದುಬಿಡಿ ಅಂದಳು ಗೌರಿ. ತಂದದ್ದರಲ್ಲಿ ನನ್ನ ಕೈ ಏನಿರುತ್ತದೆ, ಮನೆಯಲ್ಲೇ ಮಾಡೋಣ ಅಂದೆ. ಪಕ್ಕದ ಮನೆಯ ಜೈನಾಬಿ ಹಿಂದೆ ಹರಿಹರದಲ್ಲಿ ಒಬ್ಬ ಇಂಜಿನಿಯರರ ಮನೆಯಲ್ಲಿ ಅಡಿಗೆಗಿದ್ದವಳು. ಅವಳಿಗೆ ಎಲ್ಲ ಗೊತ್ತಿತ್ತು.

‘ದೊಡ್ಡ ಪಾತ್ರಿಗೆ ಮರಳು ಹಾಕಿ ಕಾಸ್ರಿ ಅಣ್ಣಾ. ಅದ್ರಾಗೆ ಡಬ್ಬಿ ಇಟ್ಟು, ಮುಚ್ಚಳದ ಮ್ಯಾಲೆ ಕೆಂಡ ಹಾಕದು. ಆದ್ರೆ ಹೊಳಿ ಮರಳೇ ಆಗ್ಬೇಕು. ನಿಮ್ಮ ನಿಟ್ಟುವಳ್ಳಿ ಮಣ್ಣಾಗೆ ಹೂತಿಟ್ರೆ ಕೇಕು ಬೇಯಲ್ಲ, ಮೊಳಕಿ ಒಡಿತೈತೆ.’

‘ಮೊಟ್ಟೆ ಹಾಕ್ತೀರಾ?’ ಗೌರಿ ಮೆಲ್ಲಗೆ ಕೇಳಿದಳು.

‘ಬ್ಯಾಡಂದ್ರೆ ಮೊಸರು ಐತಲ್ಲ ತಂಗಿ. ನಿಮ್ಮ ದೇವ್ರೂ ತಿನ್ನಬೇಕು, ಹಂಗೆ ಮಾಡಿಕೊಡ್ತೀನಿ.’

ಭಾನುವಾರ ಮಕ್ಕಳಿಬ್ಬರನ್ನೂ ಕರೆದುಕೊಂಡು ರೈಲಿನಲ್ಲಿ ಹರಿಹರಕ್ಕೆ ಹೋದೆ. ಬೇಸಿಗೆಯ ತುಂಗಭದ್ರೆ ಒಂದು ಮಗ್ಗುಲಿಗೆ ಸರಿದು ಮಲಗಿದ್ದಳು, ಉಳಿದದ್ದೆಲ್ಲ ಬಿಳಿ ಮರಳು. ರವಿ ನೀರಿನಲ್ಲಿ ಹಾರಾಡುತ್ತಿದ್ದ. ಚೆಲುವಿ ಸೆರಗಿನಂತೆ ಲಂಗ ಸಿಕ್ಕಿಸಿಕೊಂಡು ಜರಡಿ ಹಿಡಿದಳು. ಕಲ್ಲು, ಕಪ್ಪೆಚಿಪ್ಪು ಎಲ್ಲ ಆರಿಸಿ ತೆಗೆದಳು. ಕೆಲಸದಲ್ಲಿ ನನ್ನ ಅಕ್ಕನದೇ ಕೈ.

‘ರವಿದು ಮೇ ಒಂಬತ್ತು. ನಂದು ಯಾವತ್ತು ಬತ್ತದ?’

ಜರಡಿ ಆಡಿಸುತ್ತಲೇ ಕೇಳಿದಳು, ತಲೆ ಎತ್ತಲಿಲ್ಲ. ನನಗೆ ಗೊತ್ತಿರಲಿಲ್ಲ. ಆ ಕಾರ್ಡು ಯಾವ ತಿಂಗಳು ಬಂತು ಅನ್ನುವುದೂ ನೆನಪಿರಲಿಲ್ಲ. ‘ನಿಮ್ಮವ್ವನ್ನ ಕೇಳಿ ಹೇಳ್ತೀನಿ’ ಅಂದಿದ್ದರೆ ಮುಗಿದಿತ್ತು. ಯಾರ ಮುಂದೆಯೂ ಗೊತ್ತಿಲ್ಲ ಅಂದವನಲ್ಲ ನಾನು. ಬಾಯಿಗೆ ಬಂದ ತಾರೀಖು ಹೇಳಿಬಿಟ್ಟೆ.

‘ಆಗಸ್ಟ್ ಹದಿನೈದು.’

ಜರಡಿ ಒಂದು ಗಳಿಗೆ ನಿಂತಿತು. ‘ಬಾವುಟ ಹಾರಿಸ್ತಾರಲ್ಲ, ಆವತ್ತಾ?’

‘ಹೂಂ. ಅದೇ ದಿನ.’

ವಾಪಸು ಬರುವಾಗ ಟಿಕೆಟ್ಟು ನೋಡುವವರು ಚೀಲಕ್ಕೆ ಕಾಲು ತಾಗಿಸಿ, ‘ಏನೈತ್ರಿ ಇದ್ರಾಗೆ?’ ಅಂದರು. ಮರಳು ಅಂದೆ. ‘ಮನಿ ಕಟ್ಟಸ್ತೀರೇನು?’ ‘ಅಲ್ಲ, ಕೇಕು ಮಾಡ್ತೀವಿ’ ಅಂದ ರವಿ. ರೈಲು ಡಬ್ಬಿಯ ಜನವೆಲ್ಲ ನಕ್ಕಿತು. ಚೆಲುವಿಯೂ ನಕ್ಕಳು. ನನ್ನ ಮನೆಗೆ ಬಂದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು, ಅದೂ ನಾನು ಸುಳ್ಳು ಹೇಳಿ ಒಂದು ಗಂಟೆಯಾಗಿರಲಿಲ್ಲ.

ಒಂಬತ್ತನೇ ತಾರೀಖು ಮನೆ ಕಳೆಗಟ್ಟಿತ್ತು. ಗಾಳಿಪಟದ ಕಾಗದ ಕತ್ತರಿಸಿ, ಮೈದಾ ಅಂಟಿನಿಂದ ಬಳೆ ಬಳೆ ಕೂಡಿಸಿ ಚೆಲುವಿ ಮಾಲೆ ಮಾಡಿದ್ದಳು. ಸೀರೆಯ ಸೆರಗಿಗೆ ಕಟ್ಟುತ್ತಾರಲ್ಲ, ಅಂಥ ಕುಚ್ಚುಗಳನ್ನು ತುಂಡು ನೂಲಿನಲ್ಲಿ ಕಟ್ಟಿ ಬಾಗಿಲಿಗೆ ಸಾಲಾಗಿ ಇಳಿಬಿಟ್ಟಿದ್ದಳು. ಓಣಿಯ ಮಕ್ಕಳೆಲ್ಲ ಬಂದರು. ಕೇಕು ಒಂದು ಕಡೆ ಸ್ವಲ್ಪ ಸೀದು ಇನ್ನೊಂದು ಕಡೆ ಚೆನ್ನಾಗಿ ಉಬ್ಬಿತ್ತು. ರವಿ ಊದಿದ, ಚಪ್ಪಾಳೆಯಾಯಿತು. ಗೌರಿ ಮಂಡಕ್ಕಿ ಹಂಚುತ್ತಿದ್ದಾಗ ಜೈನಾಬಿ ಚೆಲುವಿಯ ಗಲ್ಲ ಹಿಡಿದು, ‘ಎಲ್ಲಾ ನಿನ್ನ ಕೈಕೆಲಸ. ನಿಂದು ಯಾವಾಗ ಮಾಡಾಣವ್ವಾ?’ ಅಂದಳು.

ಚೆಲುವಿ ನನ್ನ ಮುಖ ನೋಡಿದಳು. ‘ಆಗಸ್ಟ್ ಹದಿನೈದು. ಅಪ್ಪ ಹೇಳಿದ್ರು.’

ಗೌರಿಯ ಕೈ ಮಂಡಕ್ಕಿಯ ಬುಟ್ಟಿಯಲ್ಲೇ ನಿಂತಿತು. ಮಕ್ಕಳು ಹೋದ ಮೇಲೆ ಹಿತ್ತಿಲಿನಲ್ಲಿ ಹೇಳಿದಳು: ‘ಶಿವರಾತ್ರಿ ಜಾಗರಣೆ ಮುಗ್ಸಿ ಜನ ಕಣ್ಣು ಉಜ್ಕೊತಿದ್ರು, ಆಗ ಹುಟ್ಟಿದ್ದು. ನೀವು ಇರ್ನಿಲ್ಲ, ಸರಿ. ಎಂಟು ವರ್ಷದಲ್ಲಿ ಒಂದಪ ಕೇಳಬೌದಿತ್ತಲ್ಲ. ನಾನು ಹೇಳಕಿಲ್ಲ. ನೀವೇ ಹೇಳಿ ಅವಳಿಗೆ.’

ಮಾರನೆಯ ಬೆಳಿಗ್ಗೆ ಚೆಲುವಿ ಪಾತ್ರೆಯ ಮರಳನ್ನು ಡಬ್ಬಕ್ಕೆ ತುಂಬುತ್ತಿದ್ದಳು. ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ನಾನು ಹೇಳಿದ್ದು ತಪ್ಪು, ನಿನ್ನದು ಶಿವರಾತ್ರಿಯ ಮಾರನೇ ದಿನ ಅಂದೆ.

‘ಗೊತ್ತು’ ಅಂದಳು. ‘ಅತ್ತೆ ಪ್ರತಿ ವರ್ಷ ಆವತ್ತು ತಂಬಿಟ್ಟು ಮಾಡ್ತದ.’

‘ಮತ್ತೆ ನನ್ನ ಯಾಕ ಕೇಳ್ದೆ?’

‘ನಿಮ್ಗ ಗೊತ್ತ ಅಂತ ನೋಡೋಕ.’ ಬೊಗಸೆಯ ಮರಳನ್ನು ಡಬ್ಬಕ್ಕೆ ಬಿಟ್ಟಳು. ‘ಇರ್ಲಿ ಬುಡಿ. ನಂಗ ಈಗ ಎರಡಾಯ್ತು.’ ಡಬ್ಬದ ಮುಚ್ಚಳ ಒತ್ತಿ, ‘ಇಸ್ಕೂಲು ಶುರು ಆಗೋಕ ಮುಂಚ ಊರ್ಗ ಕರ್ಕೊಂಡೋಗ್ತೀರ? ಅತ್ತೆ ಒಬ್ಳೇ ಅದ’ ಅಂದಳು.

ಗದರಿ ಇಲ್ಲೇ ಉಳಿಸಿಕೊಳ್ಳಬಹುದಿತ್ತು. ಅಪ್ಪ ಅಂದರೆ ಕೇಳುವ ಮಗು. ಟ್ರಂಕು ತೆಗೆದು ಅರ್ಜಿ ನೋಡಿದೆ. ಮಗುವಿನ ಹೆಸರು, ತಂದೆಯ ಹೆಸರು, ಊರು ಎಲ್ಲ ನಾನೇ ತುಂಬಿದ್ದೆ, ಹುಟ್ಟಿದ ತಾರೀಖಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದೆ. ಆ ಗಿರಣಿಯ ಡಾಕ್ಟರು ನನಗೆ ವಯಸ್ಸು ಕೊಡುವ ಮೊದಲು ಬಾಯಿಯನ್ನಾದರೂ ತೆಗೆಸಿ ನೋಡಿದ್ದರು. ನಾನು ತಾರೀಖು ಕೊಡುವಾಗ ಮಗಳ ಮುಖವನ್ನೂ ನೋಡಿರಲಿಲ್ಲ. ಅರ್ಜಿ ಮಡಿಸಿಟ್ಟೆ. ಮೇ ಕೊನೆಯಲ್ಲಿ ಅವಳನ್ನು ಕೊಳ್ಳೇಗಾಲಕ್ಕೆ ಬಿಟ್ಟು ಬಂದೆ. ಅವಳನ್ನು ಕಂಡು ಅಕ್ಕ ಬಾಗಿಲಲ್ಲೇ ಕೂತುಬಿಟ್ಟಳು. ಕಿತ್ತುಕೊಂಡು ಬಂದರೆ ಒಂದು ತಪ್ಪು, ಬಿಟ್ಟು ಬಂದರೆ ಇನ್ನೊಂದು. ನಾನು ಮಾಡಿದ್ದು ಎರಡನೆಯದು, ಅದೇ ಸರಿ ಅಂತ ಹೇಳುವ ಧೈರ್ಯ ನನಗಿಲ್ಲ.

ಆಗಸ್ಟ್ ಹದಿನೈದರಂದು ಗಿರಣಿಯ ಅಂಗಳದಲ್ಲಿ ಬಾವುಟ ಏರಿತು. ನನ್ನ ಪಾಲಿನ ಪೇಡೆಯನ್ನು ಕರವಸ್ತ್ರದಲ್ಲಿ ಕಟ್ಟಿ ಮನೆಗೆ ತಂದೆ. ರವಿ ತಿಂದ. ಶಿವರಾತ್ರಿಯ ಮಾರನೇ ದಿನ ಗೌರಿ ತಂಬಿಟ್ಟು ಮಾಡುತ್ತಾಳಂತೆ. ಮಗಳಿಗೆ ಎರಡು ಹುಟ್ಟುಹಬ್ಬ, ಎರಡು ದಿನವೂ ನಾನು ಅವಳ ಹತ್ತಿರ ಇರುವುದಿಲ್ಲ. ಇಲ್ಲಿಯ ಜನ ‘ಯಾವೂರ್ರಿ ನಿಮ್ದು?’ ಅಂದರೆ ಮೊದಲಿನ ಹಾಗೆ ತಟ್ಟನೆ ಕೊಳ್ಳೇಗಾಲ ಅನ್ನಲಾರೆ, ದಾವಣಗೆರೆ ಅನ್ನಲೂ ನಾಲಿಗೆ ಹೊರಳದು.

ಆಗಸ್ಟಿನ ಆ ವಾರವೇ ಒಂದು ಕಾರ್ಡು ಬಂತು. ದಪ್ಪ ಅಕ್ಷರ, ಚೆಲುವಿಯದೇ ಕೈ. ಈ ಸಲ ತಾರೀಖನ್ನು ಎರಡೆರಡು ಸಲ ಓದಿಕೊಂಡೆ.

‘ಇವತ್ತು ಇಲ್ಲಿ ಬಾವುಟ ಹಾರಿಸಿದರು. ಅಲ್ಲಿಯೂ ಹಾರಿಸಿರಬೇಕು. ಡಬ್ಬದ ಮರಳು ಚೆಲ್ಲಬೇಡಿ.’

ಡಬ್ಬ ಮಂಚದ ಕೆಳಗಿದೆ. ಚೆಲ್ಲಿಲ್ಲ.