ದೊಡ್ಡಬಳ್ಳಾಪುರದಲ್ಲಿ ನಾವಿಬ್ಬರೂ ಕಟ್ಟಿದ ಗೇಮ್ ಪೆಟ್ಟಿಗೆ

ದೊಡ್ಡಬಳ್ಳಾಪುರಕ್ಕೆ ಬಂದ ಮೂರನೆಯ ದಿನ ಮಧ್ಯಾಹ್ನ ನಮ್ಮ ಬೀದಿಯ ಸದ್ದು ಇದ್ದಕ್ಕಿದ್ದಂತೆ ಅಡಗಿತು. ಬೆಳಿಗ್ಗೆಯಿಂದ ಗೋಡೆ, ನೆಲ, ಕೊಡದಲ್ಲಿನ ನೀರು ಎಲ್ಲವನ್ನೂ ಅದುರಿಸುತ್ತಿದ್ದ ಖಟಖಟ ಶಬ್ದ ಒಮ್ಮೆಗೇ ಇಲ್ಲವಾಯಿತು. ರೊಟ್ಟಿ ಬಡಿಯುತ್ತಿದ್ದ ನಾನು ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಓಡಿ, "ಏನಾತ್ರಿ? ಯಾರಿಗೇನಾತು?" ಎಂದು ಕೂಗಿದೆ.

ಮಹಡಿಯಿಂದ ಮನೆ ಓನರ್ ಮುನಿರಾಜಣ್ಣ ಬಗ್ಗಿ ನೋಡಿದರು. "ಏನೂ ಆಗಿಲ್ಲ ಕಣಮ್ಮ. ಕರೆಂಟ್ ಹೋಯ್ತು, ಮಗ್ಗ ನಿಂತ್ವು. ಅದಕ್ಯಾಕೆ ಹಂಗೆ ಕಿರುಚ್ತೀಯ?"

ನಮ್ಮ ಸಿಂದಗಿಯಲ್ಲಿ ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ. ಇಲ್ಲಿ ಬೀದಿಗೆ ಬೀದಿಯೇ ನಿಲ್ಲುತ್ತದೆ. ಮನೆಮನೆಯ ಹಿಂದೆ ವಿದ್ಯುತ್ ಮಗ್ಗದ ಶೆಡ್ಡು. ಆ ಸದ್ದಿಗೆ ಈಗ ಹೊಂದಿಕೊಂಡಿದ್ದೇನೆ. ಆದರೆ ಅಂದು ನಾನೇಕೆ ಹಾಗೆ ಕೂಗಿದೆ ಎಂಬುದನ್ನು ಮುನಿರಾಜಣ್ಣನಿಗೆ ಹೇಳುವಂತಿರಲಿಲ್ಲ.

ನನ್ನ ಗಂಡ ಸಂಗಮೇಶ ಸಿಂದಗಿಯಲ್ಲಿ ಶಾಲೆಯ ವ್ಯಾನ್ ಓಡಿಸುತ್ತಿದ್ದರು. ಒಂದು ಭಾನುವಾರ ಊಟಕ್ಕೆ ಕುಳಿತವರು ತಾಟಿನ ಮೇಲೆಯೇ ಬಿದ್ದು ಒದ್ದಾಡಿದರು. ಫಿಟ್ಸ್. ಆಮೇಲೆ ಇನ್ನೂ ಎರಡು ಸಲ ಬಂತು. ಪುಣ್ಯಕ್ಕೆ ಮೂರೂ ಸಲ ಮನೆಯಲ್ಲೇ. ಡಾಕ್ಟರ್ ಗಾಡಿ ಮುಟ್ಟಬೇಡಿ ಎಂದರು. ಇವರು ತಾವೇ ಹೋಗಿ ವ್ಯಾನಿನ ಕೀಲಿ ಒಪ್ಪಿಸಿ ಬಂದರು. ಅಂದಿನಿಂದ ಊರಿನವರು ಇವರನ್ನು ನೋಡುವ ರೀತಿಯೇ ಬದಲಾಯಿತು. ಮನೆಯಿಂದ ಹೊರಟರೆ ಹಿಂದೆ ಒಬ್ಬರಾದರೂ ಬರುತ್ತಿದ್ದರು. ಚಹಾದಂಗಡಿಯವನು ಗಾಜಿನ ಗ್ಲಾಸ್ ಕೊಡುವುದನ್ನೇ ಬಿಟ್ಟ. ಇಲ್ಲಿನ ಬಟ್ಟೆ ಕಾರ್ಖಾನೆಯೊಂದರ ಗೋದಾಮಿನಲ್ಲಿ ಕೆಲಸ ಸಿಕ್ಕಿದ್ದೇ ತಡ, ಹೊರಟುಬಂದೆವು. ಮನೆ ಹುಡುಕುವಾಗ ಫಿಟ್ಸ್ ವಿಷಯ ಬಾಯಿ ಬಿಡಲಿಲ್ಲ. ಯಾರಿಗೂ ಹೇಳಕೂಡದೆಂದು ಇಬ್ಬರೂ ಮಾತಾಡಿಕೊಂಡಿದ್ದೆವು.

ಹೊಸ ಊರು ಒಂದೊಂದಾಗಿ ಕಲಿಸುತ್ತ ಹೋಯಿತು. ನೀರು ತುಂಬಿಡಲು ಅಂಗಳದ ನೆಲದಡಿ ಕಟ್ಟಿದ ತೊಟ್ಟಿಗೆ ಇಲ್ಲಿ ಸಂಪು ಎನ್ನುತ್ತಾರೆ. ಬೇಳೆ, ಸೊಪ್ಪು ಬೇಯಿಸಿ ಬಸಿದ ನೀರಿನಲ್ಲಿ ಮಾಡುವ ಸಾರು ಬಸ್ಸಾರು. ಮುದ್ದೆ ನುಂಗಲು ನನಗೆ ಎರಡು ತಿಂಗಳು ಬೇಕಾಯಿತು. ನಾನು "ಹೌದ್ರಿ" ಎಂದರೆ ಅಂಗಡಿಯವರು ನಗುತ್ತಿದ್ದರು. ವಿಚಿತ್ರವೆಂದರೆ, ಇಲ್ಲಿಯ ಕನ್ನಡಕ್ಕಿಂತ ಪಕ್ಕದ ಮನೆಯ ಶಬಾನಾ ಆಪಾ ತಮ್ಮ ಮನೆಯವರೊಡನೆ ಆಡುವ ದಖನಿ ಉರ್ದುವೇ ನನ್ನ ಕಿವಿಗೆ ಹತ್ತಿರವಾಗಿತ್ತು. ಸಿಂದಗಿಯಲ್ಲಿ ನಮ್ಮ ಓಣಿಯ ತುಂಬ ಅದೇ ಮಾತು ಕೇಳಿಕೊಂಡೇ ಬೆಳೆದವಳು ನಾನು. ಆದರೂ ಅವರೊಡನೆ ಹೆಚ್ಚು ಮಾತಿಗೆ ನಿಲ್ಲುತ್ತಿರಲಿಲ್ಲ. ಮಾತು ಬೆಳೆದರೆ ಗುಟ್ಟು ಹೊರಬೀಳುತ್ತದೆಂಬ ಹೆದರಿಕೆ.

ಗೇಮ್ ಪೆಟ್ಟಿಗೆಯ ಆಸೆ ಇವರದು. ಹುಡುಗನಾಗಿದ್ದಾಗ ಬಸ್ ನಿಲ್ದಾಣದ ಬಳಿಯ ವಿಡಿಯೋ ಗೇಮ್ ಅಂಗಡಿಯಲ್ಲಿ ನಿಂತು ಆಡುತ್ತಿದ್ದ, ಆಳೆತ್ತರದ, ಪರದೆಯೂ ಹಿಡಿಕೆಯೂ ಗುಂಡಿಗಳೂ ಇದ್ದ ಪೆಟ್ಟಿಗೆ. "ಗಾಡಿ ಅಂತೂ ಓಡ್ಸಂಗಿಲ್ಲ. ಪರದೆ ಮ್ಯಾಗರೆ ಒಂದೀಟು ಓಡಸ್ತೀನಿ, ರೇಣು," ಎಂದರು. ಅಷ್ಟು ದಿನಗಳಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

ಮಿನುಗುವ ಬೆಳಕಿಗೆ ಫಿಟ್ಸ್ ಬರುತ್ತದೆಂದು ಎಲ್ಲೋ ಕೇಳಿದ್ದೆ. ಆಸ್ಪತ್ರೆಗೆ ಕರೆದೊಯ್ದು ಡಾಕ್ಟರನ್ನೇ ಕೇಳಿದೆ. ಕೆಲವರಿಗೆ ಹಾಗಾಗುತ್ತದೆ, ಪರೀಕ್ಷೆ ನೋಡಿದರೆ ಇವರದು ಆ ಬಗೆಯದಲ್ಲ, ಮಾತ್ರೆ ತಪ್ಪಿಸಬಾರದು, ನಿದ್ದೆಗೆಡಬಾರದು ಎಂದರು. ಆ ಮಾತು ತಲೆಗೆ ಹೋಯಿತು, ಎದೆಗೆ ಇಳಿಯಲಿಲ್ಲ.

ಆದರೂ ಶುರು ಮಾಡಿದೆವು. ಗುಜರಿ ಅಂಗಡಿಯಲ್ಲಿ ಹಳೆಯ ಕಂಪ್ಯೂಟರಿನ ಪರದೆ ಸಿಕ್ಕಿತು. ಪ್ಲೈವುಡ್ ತಂದು ತಾವೇ ಕೊಯ್ಯುತ್ತೇನೆಂದು ಇವರು ಹೊರಟರೆ ನಾನು ಅಡ್ಡ ನಿಂತೆ.

"ಗರಗಸ ಹಿಡಿಯಾಕೂ ಬಿಡಂಗಿಲ್ಲೇನು?"

"ಬಿಡಂಗಿಲ್ಲ. ಅಂಗಡ್ಯಾಗ ಕೊಯ್ಸಿಕೊಂಡು ಬರ್ರಿ."

"ನೀನೂ ಊರ ಮಂದಿಗತೆನೇ ಮಾಡಾಕತ್ತಿ," ಎಂದರು. ಆ ಮಾತು ಚುಚ್ಚಿತು. ಆದರೂ ಗರಗಸ ಮನೆಗೆ ಬರಲಿಲ್ಲ. ಇವರು ತಿರುಪು ಬಿಗಿದರೆ ನಾನು ಹಲಗೆ ಹಿಡಿಯುತ್ತಿದ್ದೆ. ಇವರ ಕೈ ಒಂದು ಕ್ಷಣ ತಡೆದರೂ ಕಣ್ಣು ನೋಡುತ್ತಿದ್ದೆ. ಇವರ ಗೋದಾಮಿನ ಗೆಳೆಯರೊಬ್ಬರು ಒಳಗಿನ ವೈರಿಂಗ್ ಮಾಡಿಕೊಟ್ಟರು.

ಬಣ್ಣ ನನ್ನ ಪಾಲಿಗೆ ಬಂತು. ನಮ್ಮಪ್ಪ ಅಂಗಡಿಗಳ ಬೋರ್ಡ್ ಬರೆಯುತ್ತಿದ್ದವರು. ಕುಂಚ ಹಿಡಿಯುವುದನ್ನು ಅವರ ಪಕ್ಕದಲ್ಲೇ ಕುಳಿತು ಕಲಿತಿದ್ದೆ. ಪೆಟ್ಟಿಗೆಯ ಪಕ್ಕಕ್ಕೆ ತಮ್ಮ ಹಳದಿ ವ್ಯಾನು ಬರೆ ಎಂದು ಇವರು ಕೇಳಿದರು. ನಾನು ಒಪ್ಪಲಿಲ್ಲ. ವ್ಯಾನು ನೋಡಿದವರು ಡ್ರೈವರ್ ಆಗಿದ್ರಾ, ಯಾಕೆ ಬಿಟ್ಟಿರಿ ಎಂದು ಕೇಳುತ್ತಾರೆ. ಮಗ್ಗದವರು ಕೊಡುವ ಸೀರೆಗಳ ಬಿಡಿ ಎಳೆ ಕತ್ತರಿಸುವುದು ನನ್ನ ಕೆಲಸ. ಆ ಸೀರೆಯ ಅಂಚಿನ ಬಳ್ಳಿಯನ್ನೇ ನೋಡಿಕೊಂಡು ಬರೆಯತೊಡಗಿದೆ.

ಅಂದು ಇವರಿಗೆ ರಜೆ. ಪೆಟ್ಟಿಗೆಯನ್ನು ಅಂಗಳದಲ್ಲಿ ಮಲಗಿಸಿಕೊಂಡಿದ್ದೆವು. ನಾನು ಬಳ್ಳಿಯ ಹಸಿರು ಹಚ್ಚುತ್ತಿದ್ದೆ, ಇವರು ಕೆಂಪು ಎನಾಮಲ್ ಬಣ್ಣ ಕಲಸುತ್ತ ನಿಂತಿದ್ದರು. ನೀರು ಬಿಟ್ಟಿದ್ದರಿಂದ ಸಂಪಿನ ತಗಡು ತೆರೆದಿತ್ತು. ಡಬ್ಬಿ ಬಿದ್ದ ಸದ್ದಾಯಿತು. ತಿರುಗಿದೆ. ಇವರು ಸಂಪಿನಿಂದ ಒಂದು ಮೊಳ ಆಚೆ ಬಿದ್ದು ಸೆಟೆದುಕೊಂಡಿದ್ದರು. ತಲೆಯ ಸುತ್ತ ಕೆಂಪು ಹರಿಯುತ್ತಿತ್ತು.

ಬಣ್ಣವೆಂದು ಗೊತ್ತಿದ್ದೂ ನನಗೆ ಅದು ರಕ್ತವಾಗಿಯೇ ಕಂಡಿತು. ಕುಂಚ ಹಿಡಿದೇ ನಿಂತುಬಿಟ್ಟೆ. ಶಬಾನಾ ಆಪಾ ಚೀರುತ್ತ ಓಡಿಬಂದರು. "ಯಾ ಅಲ್ಲಾ, ತಲೆ ಒಡೆದೋಯ್ತು! ಬೀಗದ ಕೈ ತನ್ನಿ, ಕೈಗೆ ಕಬ್ಬಿಣ ಕೊಡಿ!"

ಅವರ ಕೂಗಿಗೆ ನನಗೆ ಎಚ್ಚರ ಬಂತು. "ಬ್ಯಾಡ ಆಪಾ, ಕೈಯಾಗ ಏನೂ ಕೊಡಬ್ಯಾಡ್ರಿ. ಮೊದಲ ಆ ಸಂಪು ಮುಚ್ರಿ," ಎಂದೆ. ಅವರು ತಗಡು ಎಳೆದು ಅದರ ಮೇಲೇ ಕುಳಿತುಬಿಟ್ಟರು. ನಾನು ಇವರನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ, ತಲೆಯಡಿ ಸೆರಗು ಮಡಚಿಟ್ಟು, ಕೈಗಡಿಯಾರ ನೋಡುತ್ತ ಕುಳಿತೆ. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಅಷ್ಟು ಉದ್ದದ ಎರಡು ನಿಮಿಷವನ್ನು ನಾನು ಕಂಡಿಲ್ಲ. ಮೈ ಸಡಿಲವಾಗಿ ಉಸಿರು ಹದಕ್ಕೆ ಬಂತು. ತಲೆಗೂದಲಲ್ಲಿ ಬೆರಳಾಡಿಸಿ ನೋಡಿದೆ. ಗಾಯವಿರಲಿಲ್ಲ. ತಲೆ ಎತ್ತಿದರೆ, ಮಹಡಿಯ ಮೆಟ್ಟಿಲ ಮೇಲೆ ಮುನಿರಾಜಣ್ಣ ನಿಂತಿದ್ದರು. ತಿರುಗಿ ಮೇಲೆ ಹತ್ತಿ ಹೋದರು.

ಸಂಜೆ ಇವರು ನಿಜ ಹೇಳಿದರು. "ಗುಳಿಗಿ ಮುಗದು ಎರಡು ದಿನ ಆಗಿತ್ತು. ಹೇಳಿದ್ರ ನೀ ಮತ್ತ ಅಂಜತಿ ಅಂತ ಹೇಳಲಿಲ್ಲ."

ನಾನು ಪರದೆಗೆ ಹೆದರಿದೆ, ಗರಗಸಕ್ಕೆ ಹೆದರಿದೆ. ಪರದೆಯನ್ನು ಇನ್ನೂ ಹಚ್ಚಿಯೇ ಇರಲಿಲ್ಲ. ಇವರು ನನ್ನ ಅಂಜಿಕೆಗೇ ಅಂಜಿ ಮಾತ್ರೆ ಮುಗಿದದ್ದನ್ನು ಮುಚ್ಚಿಟ್ಟಿದ್ದರು. ಬಹಳ ಹೊತ್ತು ಅತ್ತೆ. ಮರುದಿನ ಇಬ್ಬರೂ ಹೋಗಿ ಡಾಕ್ಟರಿಗೆ ತೋರಿಸಿ ಮಾತ್ರೆ ತಂದೆವು.

ಆಮೇಲಿನ ನಾಲ್ಕು ದಿನ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾದರೆ ಮನೆ ಖಾಲಿ ಮಾಡಿ ಎನ್ನಲು ಬಂದರೆಂದೇ ಅಂದುಕೊಳ್ಳುತ್ತಿದ್ದೆ. ಪಾತ್ರೆಗಳನ್ನು ಚೀಲಕ್ಕೆ ತುಂಬಿಯೂ ಇಟ್ಟಿದ್ದೆ. ಐದನೆಯ ದಿನ ಮುನಿರಾಜಣ್ಣ ವೆಲ್ಡಿಂಗ್‌ನವರನ್ನು ಕರೆದುಕೊಂಡು ಬಂದರು. ಸಂಪಿಗೆ ತಗಡಿನ ಬದಲು ಕಬ್ಬಿಣದ ಬಾಗಿಲು ಕೂರಿಸಿ ಬೀಗ ಹಾಕಿಸಿದರು.

"ಮೊದ್ಲೇ ಹೇಳಿದ್ರೆ ಏನಾಗ್ತಿತ್ತಮ್ಮ?" ಎಂದರು.

"ಮನೆ ಕೊಡ್ತಿದ್ರಾ ಅಣ್ಣ?"

ಅವರು ಹೊಸ ಬೀಗವನ್ನೊಮ್ಮೆ ಜಗ್ಗಿ ನೋಡಿದರು. "ಸುಳ್ಯಾಕೆ ಹೇಳಲಿ, ಕೊಡ್ತಿರ್ಲಿಲ್ಲ ಅನ್ಸುತ್ತೆ. ಈಗ ಬಂದು ಸೇರ್ಕೊಂಡಿದ್ದೀರ. ಇರಿ," ಎಂದು ಹೊರಟರು.

ಆ ವಾರ ಪೆಟ್ಟಿಗೆಯ ಇನ್ನೊಂದು ಪಕ್ಕಕ್ಕೆ ಹಳದಿ ವ್ಯಾನು ಬರೆದೆ. ಚಕ್ರಗಳನ್ನು ಇವರಿಂದಲೇ ಬರೆಸಿದೆ. ಎರಡೂ ಮೊಟ್ಟೆಯಂತಾದವು. ಅಳಿಸಲು ಇವರು ಬಿಡಲಿಲ್ಲ. ಪರದೆ ಮೊದಲ ಸಲ ಬೆಳಗಿದಾಗ ಕಾರಿನ ಆಟ ಹಚ್ಚಿಕೊಂಡು ಇವರು ಮಗುವಿನಂತೆ ನಗುತ್ತಿದ್ದರು. ನಾನು ಪರದೆ ನೋಡಲಿಲ್ಲ, ಇವರ ಮುಖವನ್ನೇ ನೋಡುತ್ತ ನಿಂತೆ. ಇಂದಿಗೂ ಹಾಗೆಯೇ ನಿಲ್ಲುತ್ತೇನೆ.

ಕಳೆದ ತಿಂಗಳು ಸಿಂದಗಿಗೆ ಹೋಗಿದ್ದೆವು. ಎಂಟು ದಿನ ಮನೆ ತುಂಬ ಜನ. ಇವರು ಎದ್ದರೆ ನಾಲ್ಕು ಜನ ಏಳುತ್ತಿದ್ದರು. ಇವರು ಬಚ್ಚಲಿಗೆ ಹೋದರೆ ಅತ್ತೆ ಹೊರಗೆ ನಿಂತಿರುತ್ತಿದ್ದರು. ಇವರು ದಿನದಿನಕ್ಕೆ ಮಂಕಾದರು. ಆದರೆ ಎಷ್ಟೋ ದಿನಗಳ ಮೇಲೆ ನಾನು ಮಾತ್ರ ಕಣ್ತುಂಬ ನಿದ್ದೆ ಮಾಡಿದೆ. ಕಾಯಲು ಅಷ್ಟು ಕಣ್ಣುಗಳಿದ್ದವು.

ಒಂಬತ್ತನೆಯ ದಿನ ಬೆಳಿಗ್ಗೆ ಚೀಲ ಕಟ್ಟುತ್ತ, "ನಡೀರಿ, ಮನೀಗಿ ಹೋಗೂಣು," ಎಂದೆ.

ಹೊಸ್ತಿಲಲ್ಲಿ ಕುಳಿತಿದ್ದ ಅತ್ತೆ ತಲೆ ಎತ್ತಿದರು. "ಹಂಗಾರ ಇದು ಮನಿ ಅಲ್ಲೇನವಾ, ರೇಣು?"

ಇವರು ಆಗಲೇ ಚೀಲ ಹೊತ್ತು, ಹಿಂದೆ ಯಾರೂ ಇಲ್ಲದೆ, ಒಬ್ಬರೇ ರಸ್ತೆಯ ಕಡೆ ನಡೆಯುತ್ತಿದ್ದರು. ನಾನು ಅತ್ತೆಯ ಕಾಲು ಮುಟ್ಟಿದೆ. ಅವರು ನನ್ನ ಕೈ ಬಿಡಲಿಲ್ಲ. ನನ್ನ ಕಣ್ಣು ಮಾತ್ರ ರಸ್ತೆಯ ಮೇಲೇ ಇತ್ತು.