ಜನ್ನಾಪುರಕ್ಕೆ ಒಯ್ದ ಮರದ ಚಕ್ರ

ಆ ಶನಿವಾರ ನಮ್ಮ ಯಜಮಾನರು ಹಲ್ಲಿನ ಚಕ್ರದ ಮರದ ಅಚ್ಚಿಗೆ ಕೊನೆಯ ಸಲ ವಾರ್ನಿಷ್ ಬಳಿದು, ಶಿವಮೊಗ್ಗದ ನಮ್ಮ ಶೆಡ್ಡಿನ ಬಾಗಿಲಲ್ಲಿ ಒಣಗಲು ಇಟ್ಟರು. "ಮುಟ್ಟಬೇಡ ಕಣೇ, ಬೆರಳಿನ ಗುರುತು ಬೀಳುತ್ತೆ. ಸೋಮವಾರ ಭದ್ರಾವತಿಗೆ ಕೊಟ್ಟು ಬರ್ತೀನಿ" ಎಂದು ಕಾಫಿ ಕೇಳಿದರು. ಭಾನುವಾರ ಎದೆನೋವು ಬಂತು. ಸೋಮವಾರ ಅವರಿರಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಆ ಅಚ್ಚನ್ನು ತಲುಪಿಸಲು ನಾನೇ ಹೊರಟೆ. ಕಬ್ಬಿಣದ ಎರಕವಾದ ಮೇಲೆ ಅದನ್ನು ವಾಪಸು ಕೇಳಬೇಕೆಂದಿದ್ದೆ. ಅವರ ಕೈಯ ಕೊನೆಯ ಕೆಲಸ ಅದು. ಒಂದು ಅಳುಕೂ ಇತ್ತು. ಧೂಳು ಒರೆಸುವಾಗ, ರವಿಕೆ ಅಳೆಯುವ ಟೇಪು ಹಿಡಿದು ನಕ್ಷೆಯಲ್ಲಿದ್ದ ಒಂದಡಿಯ ಅಳತೆಗೆ ಹೋಲಿಸಿ ನೋಡಿದ್ದೆ. ಚಕ್ರ ಒಂದು ನೂಲು, ಇಂಚಿನ ಎಂಟನೇ ಒಂದು ಪಾಲು, ದೊಡ್ಡದಿತ್ತು. ಆಗಲೇ ಅವರಿಗೆ ಮೈ ಸರಿಯಿರಲಿಲ್ಲವೇ? ನನಗೇ ತಿಳಿಯದೆ ಹೋಯಿತೇ?

ದಾರಿ ಹನ್ನೆರಡು ಮೈಲಿ, ಬಸ್ಸಿನ ತುಂಬ ಧೂಳು. ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಿನಲ್ಲಿ ಇಟ್ಟುಕೊಂಡಿದ್ದ ಗಂಟನ್ನು ನೋಡಿ ಕಂಡಕ್ಟರು, "ಏನಕ್ಕಾ ಅದು, ಸುದರ್ಶನ ಚಕ್ರವಾ? ಪಕ್ಕದೋರ ಮೇಲೆ ಬಿಟ್ಟುಗಿಟ್ಟೀರಿ! ಮೇಲೆ ಹಾಕ್ಲಾ?" ಎಂದ. ಬೇಡವೆಂದೆ.

ಭದ್ರಾವತಿಯಲ್ಲಿ ಇಳಿದಾಗ ಕಬ್ಬಿಣದ ಕಾರ್ಖಾನೆಯ ಹೊಗೆ ನ್ಯೂ ಟೌನಿನ ಮೇಲೆ ನಿಂತಿತ್ತು. ಜಟಕಾ ಹತ್ತಿ ಜನ್ನಾಪುರದಲ್ಲಿರುವ ಎರಕ ಹೊಯ್ಯುವ ರಹೀಮ್ ಸಾಹೇಬರ ಫೌಂಡ್ರಿಗೆ ಹೋದೆ. ಆ ಓಣಿಯಲ್ಲಿ ಮೊದಲು ಅದೊಂದೇ ಇತ್ತು. ಈಗ ಅಕ್ಕಪಕ್ಕದಲ್ಲಿ ಹೊಸ ಶೆಡ್ಡುಗಳು ಎದ್ದಿದ್ದವು. ಸಾಹೇಬರು ಸ್ಟೂಲು ಒರೆಸಿ ಕೂರಿಸಿ, ಚಹಾ ತರಿಸಿದರು.

"ಮೊದಲೆಲ್ಲ ಯಂತ್ರದ ಒಂದು ಚಕ್ರ ಮುರಿದ್ರೆ ಇಂಗ್ಲೆಂಡಿನ ಹಡಗಿಗೆ ಕಾಯ್ಬೇಕಿತ್ತಮ್ಮಾ. ಈಗ ಅಲ್ಲಿಂದ ನಕ್ಷೆ ಬಂದ್ರೆ ಸಾಕು. ನಿಮ್ಮ ಯಜಮಾನ್ರ ಮರದಚ್ಚು, ನನ್ನ ಎರಕ, ಕಡೆದು ನುಣುಪು ಮಾಡೋಕೆ ಪಕ್ಕದ ಮುರುಗೇಶಂದು ಲೇತು."

"ಲೇತು ಇಲ್ಲಾಂದ್ರೆ ಸಾಹೇಬ್ರ ಚಕ್ರ ದೋಸೆಕಲ್ಲೇ!" ಮುರುಗೇಶ ಗೋಡೆಯಾಚೆಯಿಂದ ಕೂಗಿದ.

ನಾನು ಗಂಟು ಬಿಚ್ಚಿದೆ. "ಸಾಹೇಬರೇ, ಅಳತೆ ತಪ್ಪಿದೆ. ಒಂದು ನೂಲು ದೊಡ್ಡದಾಗಿದೆ. ಅವರನ್ನ ಬೈಕೋಬೇಡಿ."

ಅವರು ಅಚ್ಚನ್ನು ಬೆಳಕಿಗೆ ಹಿಡಿದು ಸುತ್ತ ತಿರುಗಿಸಿದರು. "ತಪ್ಪಿಲ್ಲಮ್ಮಾ. ಕಾದ ಕಬ್ಬಿಣ ಆರೋವಾಗ ಕುಗ್ಗುತ್ತೆ. ಅದಕ್ಕೇ ಮರ ದೊಡ್ಡದಾಗಿರ್ಬೇಕು. ಅದಕ್ಕಂತಲೇ ಅವರ ಹತ್ರ ಬೇರೆ ಅಡಿಪಟ್ಟಿ ಇತ್ತಲ್ಲ, ಹೇಳಿರಲಿಲ್ವಾ?"

"ನಾನು ಕೇಳಿರಲಿಲ್ಲ" ಎಂದೆ. ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಸಾಹೇಬರು ಅಚ್ಚು ಒತ್ತುವ ಮರಳಿನ ರಾಶಿಯನ್ನು ಸಮ ಮಾಡತೊಡಗಿದರು.

ಆಮೇಲೆ ಅಚ್ಚನ್ನು ವಾಪಸು ಪಡೆಯುವ ಮಾತು ತೆಗೆದೆ. "ಚಕ್ರ ಮುರಿದಾಗೆಲ್ಲ ಇದೇ ಬೇಕಾಗುತ್ತಮ್ಮಾ. ಆದ್ರೆ ನೀವು ಕೇಳಿದ್ರೆ ಇಲ್ಲ ಅನ್ನಲ್ಲ, ಎರಕ ಮುಗಿಸಿ ಕಳಿಸಿಕೊಡ್ತೀನಿ" ಎಂದರು. ಅವರ ಹಿಂದಿನ ಅಟ್ಟದ ತುಂಬ ಯಜಮಾನರು ಮಾಡಿದ ಅಚ್ಚುಗಳಿದ್ದವು, ಮರಳು ಮೆತ್ತಿ ಕಪ್ಪಾಗಿದ್ದವು. ಬಹಳ ಹೊತ್ತು ನೋಡಿದೆ.

"ಇಲ್ಲೇ ಇರಲಿ" ಎಂದೆ.

ಸಂಜೆಯ ಬಸ್ಸಿನಲ್ಲಿ ಬರಿಯ ಬಟ್ಟೆಯನ್ನು ಮಡಿಚಿ ಮಡಿಲಿನಲ್ಲಿ ಇಟ್ಟುಕೊಂಡಿದ್ದೆ. ಊರು ದಾಟಿದ ಮೇಲೂ ಹೊಗೆ ಕಾಣುವವರೆಗೆ ತಿರುಗಿ ನೋಡಿದೆ.

ಮನೆಗೆ ಬಂದು ಶೆಡ್ಡಿನಲ್ಲಿ ಹುಡುಕಿದಾಗ ಆ ಅಡಿಪಟ್ಟಿ ಸಿಕ್ಕಿತು. ನನ್ನ ಟೇಪಿನ ಪಕ್ಕ ಇಟ್ಟೆ. ಅದರ ಒಂದು ಅಡಿ ನನ್ನ ಅಡಿಗಿಂತ ಒಂದು ನೂಲು ಉದ್ದ. ಇದನ್ನು ನಿಮಗೆ ಯಾರು ಕಲಿಸಿದರು ಎಂದು ಈಗ ಯಜಮಾನರನ್ನು ಕೇಳಬೇಕೆನಿಸುತ್ತದೆ. ಅವರಿಲ್ಲ.