ಗಿರಿಜೆಯ ನಕ್ಷತ್ರ

ನಾನು ನಿನಗೆ ಸುಳ್ಳು ಹೇಳಿದೆ, ಗಿರಿಜಾ. ನಿನ್ನ ಜನ್ಮನಕ್ಷತ್ರ ಆಶ್ಲೇಷವಲ್ಲ, ಪುಷ್ಯ. ನೀನು ಎದುರು ನಿಂತು ಕೇಳಿದ ದಿನವೇ ಅದು ನನಗೆ ಗೊತ್ತಿತ್ತು.

ಆಗ ಕುಂದಾಪುರದಲ್ಲಿ ಕಂಪ್ಯೂಟರ್ ಇದ್ದ ಮನೆಗಳು ಬೆರಳೆಣಿಕೆಯಷ್ಟು. ಜಾತಕ ತೆಗೆಯುವ ಪ್ರೋಗ್ರಾಮ್ ಬರೆದೆನೆಂದು ನನಗೆ ಜಂಬ ಸ್ವಲ್ಪ ಹೆಚ್ಚೇ ಇತ್ತು. ನೀನು ನಮ್ಮಲ್ಲಿಗೆ ಟೈಪಿಂಗ್ ಕಲಿಯಲು ಬರುತ್ತಿದ್ದೆ. ಕಲಿತಾದ ಮೇಲೂ ನಮ್ಮತ್ತೆಯ ಹತ್ತಿರ ಹರಟೆಗೆ ಕೂರುತ್ತಿದ್ದೆ. ನಿನ್ನ ಮದುವೆ ಮಾತು ಎದ್ದಾಗ ಬರೆಸಿದ ಜಾತಕ ಇರಲಿಲ್ಲ. ಮುಂಬಯಿಯಲ್ಲಿ ಹುಟ್ಟಿದವಳು ನೀನು. ಹುಟ್ಟಿದ ದಿನ, ಹೊತ್ತು ಮಾತ್ರ ನಿನ್ನ ಅಮ್ಮನಿಗೆ ನೆನಪಿತ್ತು. ಬಿಜೂರಿನ ಜೋಯಿಸರು ನಾನು ಹಾಕಿಕೊಟ್ಟ ಪ್ರೋಗ್ರಾಮಿನಲ್ಲೇ ಜಾತಕ ತೆಗೆದರು — ಆಶ್ಲೇಷ. ಆಶ್ಲೇಷದ ಹೆಣ್ಣು ಅತ್ತೆಯ ಜೀವಕ್ಕೆ ಆಗುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ! ಆದರೂ ನಿನ್ನನ್ನು ನೋಡಿ ಒಪ್ಪಿದ್ದ ಕೊಕ್ಕರ್ಣೆಯ ಹುಡುಗನ ತಾಯಿ ನಕ್ಕುಬಿಟ್ಟರಂತೆ. “ನಂಗೆ ಬೇಕಾದ್ದ್ ಹುಡ್ಗಿ, ನಕ್ಷತ್ರ ಅಲ್ಲ” ಎಂದರಂತೆ.

ಮದುವೆಗೆ ಮೊದಲೇ ಅವರು ತೀರಿಹೋದರು. ಊಟ ಮುಗಿಸಿ ಕೂತವರು ಕುಡಿಯಲು ನೀರು ಕೇಳಿದರಂತೆ. ನೀರು ತರುವಷ್ಟರಲ್ಲಿ...

ಸುದ್ದಿ ಕೇಳಿದ ಮೇಲೆ, ಏಕೋ, ನಿನ್ನ ಹುಟ್ಟಿದ ಹೊತ್ತನ್ನು ನನ್ನ ಕಂಪ್ಯೂಟರಿಗೆ ಕೊಟ್ಟೆ. ಪುಷ್ಯ ಎಂದು ಬಂತು. ಮತ್ತೆ ಕೊಟ್ಟೆ. ಪುಷ್ಯ. ಅದೇ ಪ್ರೋಗ್ರಾಮ್, ಅದೇ ಹೊತ್ತು, ಆದರೆ ಚಂದ್ರ ಅಲ್ಲೊಂದು ಕಡೆ, ಇಲ್ಲೊಂದು ಕಡೆ.

ಬಿಜೂರಿಗೆ ಹೋಗಿ ಜೋಯಿಸರ ಕಂಪ್ಯೂಟರನ್ನು ತೆರೆದು ನೋಡಿದಾಗ ಕಾರಣ ಸಿಕ್ಕಿತು. ಗ್ರಹಗಳ ಲೆಕ್ಕಕ್ಕೆ ನನ್ನ ಪ್ರೋಗ್ರಾಮ್ ಬೇರೆಯವರು ಬರೆದ ಲೈಬ್ರರಿಯೊಂದನ್ನು, ಎಂದರೆ ಸಿದ್ಧ ಲೆಕ್ಕದ ಕಡತವೊಂದನ್ನು, ಬಳಸುತ್ತಿತ್ತು. ಮನೆಯಲ್ಲಿ ನಾನು ಬರೆದದ್ದು, ಪರೀಕ್ಷೆ ಮಾಡಿದ್ದು ಎಲ್ಲ ಅದರ ಹೊಸ ಆವೃತ್ತಿಯಲ್ಲಿ. ಜೋಯಿಸರ ಕಂಪ್ಯೂಟರಿನಲ್ಲಿ ಯಾವುದೋ ಪಂಚಾಂಗದ ಸಿ.ಡಿ.ಯಿಂದ ಬಂದ ಹಳೆಯ ಆವೃತ್ತಿ, ಅದೇ ಹೆಸರಿನದು, ಮೊದಲೇ ಕೂತಿತ್ತು. ನನ್ನ ಇನ್‌ಸ್ಟಾಲರ್ ಆ ಹೆಸರು ಕಂಡು ಹೊಸದನ್ನು ಹಾಕದೆ ಬಿಟ್ಟಿತ್ತು. ಹಳೆಯದರ ಲೆಕ್ಕದಲ್ಲಿ ಚಂದ್ರ ಸ್ವಲ್ಪ ಮುಂದೆ. ನೀನು ಹುಟ್ಟಿದ್ದು ಪುಷ್ಯ ಮುಗಿಯುತ್ತ ಬಂದ ಹೊತ್ತಿನಲ್ಲಿ — ಮುಂದಿನ ಆಶ್ಲೇಷಕ್ಕೆ ದಾಟಲು ಅಷ್ಟೇ ಸಾಕಾಯಿತು.

ಹೊಸ ಲೈಬ್ರರಿಯ ಫ್ಲಾಪಿ ನನ್ನ ಚೀಲದಲ್ಲೇ ಇತ್ತು. ಆದರೆ ಜೋಯಿಸರ ಜಗಲಿ ತುಂಬ ಜನ. ಮಾನಿಟರಿಗೆ ಕುಂಕುಮ, ಅದರ ಮೇಲೆ ಕೆಂಪು ದಾಸವಾಳ. ನಾನು ಆರಿಸಿದ ಮೇಲೂ ಎಲ್ಲರೂ ಆ ಪರದೆಯನ್ನೇ ನೋಡುತ್ತಿದ್ದರು. ಜೋಯಿಸರು ನನ್ನತ್ತ ಬಗ್ಗಿ ಪಿಸುಗುಟ್ಟಿದರು: “ಅದ್ ಹೇಳ್ದಾಂಗೇ ಆಯ್ತ್ ಕಾಣಿ. ಇನ್ನ್ ಅದ್ನ ಮುಟ್ಟುಕಾಗ.”

ಮುಟ್ಟಲಿಲ್ಲ. ಹೆದರಿಕೆಯೋ, ಆಸೆಯೋ — ಎರಡೂ ಇರಬೇಕು. ಆಮೇಲೆ ಬೈಂದೂರಿನಿಂದ, ಬ್ರಹ್ಮಾವರದಿಂದ ಕರೆ ಬಂತು, ಬಿಜೂರಿನಲ್ಲಿರುವಂಥದ್ದೇ ಬೇಕೆಂದು. ಹಾಕಿಕೊಟ್ಟೆ. ಹಳೆಯ ಲೈಬ್ರರಿಯನ್ನೇ, ಬೇಕೆಂದೇ ಹಾಕಿಕೊಟ್ಟೆ. ಇನ್ನೆಷ್ಟು ಹೆಣ್ಣುಮಕ್ಕಳ ಬಾಳಿಗೆ ಕಲ್ಲು ಹಾಕಿದೆನೋ, ತಿಳಿಯುವ ದಾರಿಯಿಲ್ಲ.

ಕೊಕ್ಕರ್ಣೆಯವರು ಸಂಬಂಧ ಮುರಿದ ಮೇಲೆ ನೀನು ಬಂದೆ.

“ಅಕ್ಕ, ನಿಮ್ ಕಂಪ್ಯೂಟರಂಗೂ ಒಂದ್ಸಲ ಕಾಣಿ. ಇಲ್ಲೂ ಹಾಂಗೇ ಬತ್ತಾ?”

ಪರದೆ ನನ್ನ ಕಡೆಗಿತ್ತು. ಪುಷ್ಯ ಎಂದೇ ತೋರಿಸುತ್ತಿತ್ತು.

“ಹೌದ್ ಗಿರಿಜಾ. ಇಲ್ಲೂ ಹಾಂಗೇ ಬತ್ತ್.”

“ಹಾಂಗಾರೆ ನಾನೇ ಅಲ್ದಾ ಅವ್ರನ್ನ...” ಎಂದು ನೀನು ಅರ್ಧಕ್ಕೆ ನಿಲ್ಲಿಸಿದೆ. ನಾನು ಅಲ್ಲ ಎನ್ನಲಿಲ್ಲ.

ನೀನು ಮತ್ತೆ ಮದುವೆಯ ಮಾತೆತ್ತಲು ಬಿಡಲಿಲ್ಲ. ನಿಮ್ಮೂರು ಗುಲ್ವಾಡಿಯಲ್ಲಿ ಮುದುಕಿಯರಿರುವ ಮನೆಗಳಿಗೆ ಕಾಲಿಡುವುದನ್ನೂ ಬಿಟ್ಟೆಯಂತೆ. ಆದರೆ ನಮ್ಮತ್ತೆಗೆ ಜ್ವರ ಏರಿತೆಂದು ತಿಳಿದಾಗ ಮನಸ್ಸು ತಡೆಯದೆ ಬಂದೆ. ಅಂಗಳದಲ್ಲೇ ನಿಂತು, ಒಳಗೆ ಬರಬಹುದೇ ಎಂದು ಕಣ್ಣಲ್ಲೇ ಕೇಳಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ — ಸತ್ಯ ಗೊತ್ತಿದ್ದವಳು ನಾನೊಬ್ಬಳೇ, ಆ ನಾನೇ ಬಾಗಿಲಿಗೆ ಅಡ್ಡ ನಿಂತೆ. “ಮನಿಕಂಡಿದ್ರ್, ಇನ್ನೊಂದ್ ದಿನ ಬಾ” ಎಂದು ನಿದ್ದೆಯ ನೆಪ ಹೇಳಿದೆ. ಅಷ್ಟರಲ್ಲಿ ಅತ್ತೆ ಒಳಗಿಂದ “ಯಾರದ್, ಗಿರಿಜನಾ?” ಎಂದು ಕೂಗಿದರು. ನಿನಗೂ ಕೇಳಿಸಿತು. ನೀನು ತಿರುಗಿ ಹೋದೆ. ನಾನೇ ಹೇಳಿದ ಸುಳ್ಳಿಗೆ ನಾನೇ ಹೆದರಿದ್ದೆ. ಆ ಹೆದರಿಕೆ ಎಲ್ಲಿಂದ ಬಂತೆಂದು ನನಗೆ ಈಗಲೂ ಗೊತ್ತಿಲ್ಲ.

ಅತ್ತೆ ಇನ್ನೂ ಇದ್ದಾರೆ, ಗಿರಿಜಾ. ಹಣ್ಣಾಗಿದ್ದಾರೆ. ನೀನೇಕೆ ಬರುವುದಿಲ್ಲವೆಂದು ಆಗಾಗ ಕೇಳುತ್ತಾರೆ. ಬರುವ ಭಾನುವಾರ ಅವರನ್ನು ಕರೆದುಕೊಂಡು ಗುಲ್ವಾಡಿಗೆ ಬರುತ್ತೇನೆ. ನಿಮ್ಮ ಮನೆಯವರೆಲ್ಲರ ಎದುರು ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಅತ್ತೆಯನ್ನು ನಿನ್ನ ಪಕ್ಕದಲ್ಲಿ ಕೂರಿಸುತ್ತೇನೆ. ಕೂರಿಸುವಾಗ ಆ ಹೆದರಿಕೆ ಮತ್ತೆ ಬರಬಹುದು — ಇಷ್ಟೆಲ್ಲ ಗೊತ್ತಿದ್ದೂ. ಬಂದರೂ ಕೂರಿಸುತ್ತೇನೆ.